ಹನ್ನೊಂದು ಕಂದು

“ಯಾವ ಕಂದು ಅಕ್ಕ?”

ಬ್ಯೂಟಿ ಪಾರ್ಲರಿನ ಯೊಮೈರಾಳ ಕೈಯಲ್ಲಿದ್ದ ಬಳೆಯಂಥ ಉಂಗುರಕ್ಕೆ ಬಣ್ಣದ ಮಾದರಿಗಳಾಗಿ ಕೂದಲಿನ ಹನ್ನೊಂದು ಕುಚ್ಚುಗಳು ಜೋತುಬಿದ್ದಿದ್ದವು. ಒಂದೊಂದನ್ನೇ ಇಪಾಟಿಯಾಳ ಕೆನ್ನೆಗೆ ಹಿಡಿದು, ಕನ್ನಡಿಯಲ್ಲಿ ನೋಡಿ, ಬಿಡುತ್ತಿದ್ದಳು. ಸಂತೆಯಲ್ಲಿ ಕುರಿಯ ಹಲ್ಲು ನೋಡುವವರ ಹಾಗೆ.

“ಕಂದು ಅಂದರೆ ಕಂದು,” ಎಂದಳು ಇಪಾಟಿಯಾ.

“ಹಾಗಂದು ಆಮೇಲೆ ನನ್ನ ಮೇಲೆ ಹಾಕಬೇಡ. ಇದು ಕಾಫಿ. ಇದು ಕೋಕೋ. ಇದು ಸುಟ್ಟ ಸಕ್ಕರೆ, ಇದು ತಂಬಾಕು. ನಿನ್ನ ಹುಟ್ಟುಬಣ್ಣ ಯಾವುದು ಅದನ್ನ ಹೇಳು. ಅದಕ್ಕೆ ಹತ್ತಿರದ್ದು ಹಾಕ್ತೀನಿ.”

ಇಪಾಟಿಯಾ ಬಾಯಿ ತೆರೆದಳು. ಉತ್ತರ ನಾಲಗೆಯ ತುದಿಯಲ್ಲಿದೆ ಎಂದುಕೊಂಡಿದ್ದಳು. ಇರಲಿಲ್ಲ.

ನಲವತ್ತೇಳು ವರ್ಷದ ಹೆಂಗಸು. ಕಾನೂನು ಓದಿದವಳು. ಗುರುತಿನ ಚೀಟಿಯ ಹತ್ತು ಅಂಕಿಗಳು ನಿದ್ದೆಯಲ್ಲೂ ಬಾಯಿಗೆ ಬರುತ್ತವೆ. ತನ್ನ ತಲೆಯ ಮೇಲೆ ಹುಟ್ಟಿದ್ದು ಯಾವ ಬಣ್ಣ ಎಂದು ಗೊತ್ತಿಲ್ಲ.

“ಬುಡ ನೋಡಿದರೆ ತಿಳಿಯಲ್ವಾ?”

“ಬುಡದಲ್ಲಿ ಬಿಳಿ ಬಿಟ್ಟರೆ ಇನ್ನೇನೂ ಇಲ್ಲ ಕಣಕ್ಕ. ಒಂಬತ್ತು ವರ್ಷದಿಂದ ನೋಡ್ತಾ ಇದೀನಿ. ನಿನ್ನ ಗಂಡ ನೋಡಿರೋದಕ್ಕಿಂತ ಜಾಸ್ತಿ.”

“ಹುಬ್ಬು?”

“ಹುಬ್ಬಿಗೂ ನಾನೇ ಹಚ್ಚೋದು.”

ಯೊಮೈರಾ ಕಡಲ ತೀರದವಳು. ಮದುವೆಯಾಗಿ ಈ ಬೆಟ್ಟದ ಊರಿನ ಚಳಿಗೆ ಬಂದು ಹತ್ತು ವರ್ಷವಾದರೂ ಬಾಯಿ ಮಾತ್ರ ತೀರದಲ್ಲೇ ಉಳಿದಿತ್ತು. ಚಿಕ್ಕಂದಿನ ಫೋಟೋ ತಾ ಎಂದಳು. ಇಪಾಟಿಯಾ ತಲೆಯಾಡಿಸಿದಳು. ಆ ಕಾಲದ ಫೋಟೋಗಳೆಲ್ಲ ಪೆಟ್ಟಿಗೆಯಲ್ಲೇ ಕೆಂಪು ತಿರುಗಿವೆ. ಅವುಗಳಲ್ಲಿ ಅಮ್ಮನ ಮುಖ, ಹುಟ್ಟುಹಬ್ಬದ ಕೇಕು, ನಾಯಿ, ಎಲ್ಲದಕ್ಕೂ ಒಂದೇ ಬಣ್ಣ.

“ಸರಿ. ನಾಲ್ಕಕ್ಕೆ ಬಾ. ಆ ಸ್ಪ್ರೇ ಎಲ್ಲ ತೊಳಕೊಂಡು ಬಾ. ಬರೋ ಹೊತ್ತಿಗೆ ಒಂದು ಬಣ್ಣ ಗಟ್ಟಿ ಮಾಡ್ಕೊಂಡಿರು. ಐದಕ್ಕೆ ಮೇಯರ್ ಹೆಂಡತಿ ಬರ್ತಾಳೆ, ನಿನ್ನ ಜೊತೆ ವೇದಾಂತ ಮಾತಾಡ್ತಾ ಕೂರಕ್ಕಾಗಲ್ಲ.”

“ಬೇಡ ಅನ್ನಿಸಿದರೆ?”

“ಬೇಡ ಅನ್ನಿಸಿದರೆ ಯಾವತ್ತಿನ ಹಳದೀನೇ ಬಳಿದು ಕಳಿಸ್ತೀನಿ. ಒಂದು ಮಾತು ತಿಳ್ಕೋ. ಕಂದಿಗೆ ಹೋದಮೇಲೆ ವಾಪಸ್ ಬರೋದು ಕಷ್ಟ.”

ಹಳದಿಗೆ ಹೋಗುವಾಗ ಯಾರೂ ಈ ಮಾತು ಹೇಳಿರಲಿಲ್ಲ.

ಹೋದದ್ದು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ. ನೋಟರಿ ಕಚೇರಿಗೆ ಗುಮಾಸ್ತೆ ಬೇಕು ಎಂದು ಪತ್ರಿಕೆಯಲ್ಲಿ ಬಂದಿತ್ತು. ಕಾನೂನು ಪದವಿ, ಟೈಪಿಂಗ್, ‘ಒಳ್ಳೆಯ ತೋರಿಕೆ’. ಮೊದಲ ಎರಡು ಅವಳಲ್ಲಿದ್ದವು. ಮೂರನೆಯದೆಂದರೆ ಬಿಳಿಯರ ಹಾಗೆ ಕಾಣಬೇಕು ಎಂದು ಈ ದೇಶದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟರಲ್ಲಿ ಮೂರು ಕಚೇರಿಗಳ ಮೆಟ್ಟಿಲು ಹತ್ತಿ ಬರಿಗೈಯಲ್ಲಿ ಇಳಿದಿದ್ದಳು. ನಾಲ್ಕನೆಯದಕ್ಕೆ ಹೋಗುವ ಹಿಂದಿನ ದಿನ ಚಿಕ್ಕಮ್ಮನ ಮಗಳ ಬಚ್ಚಲಲ್ಲಿ ಕೂತು ಬ್ಲೀಚ್ ಹಚ್ಚಿ ತಲೆ ಸುಟ್ಟುಕೊಂಡಳು. ಕೆಲಸ ಸಿಕ್ಕಿತು. ಸಿಗದಿದ್ದರೆ ಸಿಟ್ಟಾದರೂ ಉಳಿಯುತ್ತಿತ್ತು.

ಮೊದಲ ವಾರವೇ ಹೆಸರು ಬಿತ್ತು: ಸೂಕಾ. ಬೆಟ್ಟದ ಸೀಮೆಯಲ್ಲಿ ಹೊಂಗೂದಲಿನವಳನ್ನು ಕರೆಯುವುದೇ ಹಾಗೆ. ಸಂತೆಯವರಿಗೂ ಬಸ್ಸಿನವರಿಗೂ ಅವಳು ನೋಟರಿಯ ಸೂಕಾ. ಮದುವೆಯ ಕರೆಯೋಲೆಗಳ ಮೇಲೂ ಹಾಗೇ ಬರೆದು ಕಳಿಸುತ್ತಿದ್ದರು. ಅವಳಿಗೇನೂ ಬೇಸರವಿರಲಿಲ್ಲ. ಬೇಸರವಿಲ್ಲದ್ದೇ ರೋಗ ಎಂದು ತಿಳಿಯಲು ಇಪ್ಪತ್ತಮೂರು ವರ್ಷ ಬೇಕಾಯಿತು.

ತಿಳಿದದ್ದು ಹೋದ ವಾರ, ಸಂತೆಯಲ್ಲಿ. ಆಲೂಗಡ್ಡೆ ಆರಿಸುತ್ತಿದ್ದಾಗ ಹಿಂದಿನಿಂದ ಯಾರೋ “ಇಪಾಟಿಯಾ” ಎಂದು ಕೂಗಿದರು. ಮತ್ತೆ ಕೂಗಿದರು. ಮೂರನೆಯ ಸಲ ಕೂಗಿದಾಗ, ಯಾರಪ್ಪ ಈ ಕಿವುಡಿ ಇಪಾಟಿಯಾ ಎಂದುಕೊಂಡಳು. ಆಮೇಲೆ ಹೆಗಲ ಮೇಲೆ ಕೈ ಬಿತ್ತು. ಶಾಲೆಯಲ್ಲಿ ಜೊತೆಗೆ ಓದಿದವಳು. “ಏನೇ, ಕಿವಿ ಹೋಯ್ತಾ?” ಅಷ್ಟರಲ್ಲಿ ಆಲೂಗಡ್ಡೆಯವಳು ಮೆಲ್ಲಗೆ, “ಸೂಕಾ, ಚಿಲ್ಲರೆ ತಗೋ,” ಎಂದಳು. ಇವಳ ತಲೆ ತಟ್ಟನೆ ಅತ್ತ ತಿರುಗಿತು. ಕರೆದರೆ ತಿರುಗುವುದು ನಾಯಿಗೆ ಗೊತ್ತಿರುವ ವಿದ್ಯೆ.

ಅದೇ ಸಂಜೆ ಪರ್ಸಿನಲ್ಲಿ ಗುರುತಿನ ಚೀಟಿಯ ಅವಧಿ ಮುಗಿದಿರುವುದು ಕಂಡಿತು. ಹೊಸದಕ್ಕೆ ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಫೋಟೋ. ಒಮ್ಮೆ ತೆಗೆದರೆ ಹತ್ತು ವರ್ಷ ಅದೇ ಮುಖ. ಐವತ್ತೇಳರ ತನಕ ತಾನು ಯಾರು ಎಂಬುದನ್ನು ಇವತ್ತು ನಾಲ್ಕು ಗಂಟೆಯೊಳಗೆ ತೀರ್ಮಾನಿಸಬೇಕು.

ಬೆಳಿಗ್ಗೆ ಗಂಡನಿಗೂ ಹೇಳಿ ನೋಡಿದ್ದಳು.

“ಬಣ್ಣ ಬದಲಾಯಿಸೋಣ ಅಂತಿದೀನಿ.”

ಫಾಬಿಯಾನ್ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದುತ್ತಿದ್ದ. “ಗೋಡೇದಾ?”

“ತಲೇದು.”

“ಓ.”

“ಏನಂತೀಯ?”

“ತಲೆ ನಿನ್ನದು.”

“ನನ್ನ ಕಂದು ಕೂದಲು ನೀನು ನೋಡೇ ಇಲ್ಲ.”

“ಬೇರೆಯವರದ್ದು ನೋಡಿದೀನಲ್ಲ. ಎಲ್ಲ ಒಂದೇ.” ನೆನೆದ ಬ್ರೆಡ್ಡು ಮುರಿದು ಲೋಟದೊಳಗೆ ಬಿತ್ತು. ಅದನ್ನು ಚಮಚದಿಂದ ಹುಡುಕುತ್ತಾ ಹೇಳಿದ: “ಇವತ್ತು ಗ್ಯಾಸಿನವನು ಬರ್ತಾನೆ.”

ಫಾಬಿಯಾನ್ ಡ್ರೈವಿಂಗ್ ಕಲಿಸುತ್ತಾನೆ. ಹತ್ತೊಂಬತ್ತು ವರ್ಷದಿಂದ ಪಕ್ಕದ ಸೀಟಿನಲ್ಲಿ ಕೂತು ‘ಕನ್ನಡಿ ನೋಡು, ಕನ್ನಡಿ ನೋಡು’ ಎಂದು ಊರಿನವರಿಗೆಲ್ಲ ಹೇಳುತ್ತಾ ಬಂದಿದ್ದಾನೆ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಒಂದು ಮಾತಾದರೂ ಆಡುತ್ತಿದ್ದ.

ನೋಟರಿ ಕಚೇರಿಯಲ್ಲಿ ಅವಳ ಕೆಲಸ ತಾಳೆ ನೋಡುವುದು. ಜನ ಮೂಲಪತ್ರವನ್ನೂ ಅದರ ನಕಲನ್ನೂ ತರುತ್ತಾರೆ. ಅವಳು ಎರಡನ್ನೂ ಅಕ್ಕಪಕ್ಕ ಇಟ್ಟು, ಸಾಲಿನ ಮೇಲೆ ಬೆರಳಾಡಿಸಿ, ನಕಲಿನ ಮೇಲೆ ಮುದ್ರೆ ಒತ್ತುತ್ತಾಳೆ: ‘ಮೂಲದೊಂದಿಗೆ ತಾಳೆ ನೋಡಲಾಗಿದೆ.’ ಸಂಜೆ ನೋಟರಿ ಡಾಕ್ಟರ್ ಎಗಾಸ್ ಬಂದು ಯಾವುದನ್ನೂ ನೋಡದೆ ಎಲ್ಲದಕ್ಕೂ ಸಹಿ ಹಾಕುತ್ತಾರೆ. ಇಪ್ಪತ್ತಮೂರು ವರ್ಷಗಳಲ್ಲಿ ಎಷ್ಟು ಸಾವಿರ ಸಲ ಒತ್ತಿದ್ದಾಳೋ. ಅಂಗೈಯಲ್ಲಿ ಹಿಡಿಕೆಯ ಗುರುತು ದಡ್ಡುಗಟ್ಟಿತ್ತು.

ಹನ್ನೊಂದರ ಹೊತ್ತಿಗೆ ದೋನ್ ಅಬ್ದೋನ್ ಬಂದ. ಮೇಲಿನ ಕೇರಿಯಲ್ಲಿ ಹಸು ಸಾಕುವ ಮುದುಕ; ಹಿರಿಯನಾದ್ದರಿಂದ ಊರಿಗೆಲ್ಲ ದೋನ್, ಹೆಂಗಸಾಗಿದ್ದರೆ ದೋನ್ಯಾ. ಟೋಪಿ ಎದೆಗೆ ಒತ್ತಿಕೊಂಡು, ಜಮೀನಿನ ಪತ್ರದ ನಕಲನ್ನು ಮೇಜಿನ ಮೇಲೆ ಇಟ್ಟ.

“ಒಂದು ಮುದ್ರೆ ಒತ್ತಿಬಿಡು ಸೂಕಾ.”

“ಮೂಲ ಎಲ್ಲಿ?”

“ಇದರ ಹಾಗೇ ಇದೆ.”

“ಎಲ್ಲಿದೆ ಅಂದೆ.”

“ನನ್ನ ಮೊದಲನೇ ಹೆಂಡತಿ ಹತ್ರ.” ಅಬ್ದೋನ್ ಸೀಲಿಂಗ್ ನೋಡಿದ. “ಹಾಸಿಗೆ ಕೆಳಗೆ ಇಟ್ಕೊಂಡು ಮಲಗಿದಾಳೆ. ಎರಡನೆಯವಳು ಹೋಗಿ ಕೇಳಿದಳು. ಇವಳ ಮೇಲೆ ಬಿಸಿನೀರು ಎರಚಿದಳಂತೆ.”

“ಮೂಲ ನೋಡದೆ ಒತ್ತಕ್ಕಾಗಲ್ಲ ದೋನ್ ಅಬ್ದೋನ್.”

“ನೋಡು ತಾಯಿ, ಇದೂ ಕಾಗದ, ಅದೂ ಕಾಗದ. ಇದರಲ್ಲಿ ಇರೋದೇ ಅದರಲ್ಲೂ ಇರೋದು.”

“ಅದು ನಿಮಗೆ ಹೇಗೆ ಗೊತ್ತು? ಕೊನೆಗೆ ಅದನ್ನ ನೋಡಿದ್ದು ಯಾವಾಗ?”

ಮುದುಕ ಯೋಚಿಸಿದ. “ಮೂವತ್ತು ವರ್ಷ ಆಗಿರಬಹುದು.”

“ಅದು ಇನ್ನೂ ಹಾಗೇ ಇದೆ ಅಂತ ಏನು ಖಾತ್ರಿ?” ಅವಳ ದನಿ ಬೇಡದಷ್ಟು ಏರಿತ್ತು. ಪಕ್ಕದ ಮೇಜಿನವರು ತಲೆ ಎತ್ತಿದರು. “ಇಲಿ ತಿಂದಿರಬಹುದು. ಶಾಯಿ ಅಳಿಸಿಹೋಗಿರಬಹುದು. ಹೋಗಿ ನೋಡ್ಕೊಂಡು ಬನ್ನಿ. ಕೇಳೋ ಧೈರ್ಯ ಇಲ್ಲದಿದ್ದರೆ ಮೊಣಕಾಲೂರಿ ಕೇಳಿ.”

ಅಬ್ದೋನ್ ಬಾಗಿಲ ತನಕ ಹೋಗಿ ತಿರುಗಿ ನಿಂತ. “ಸಿಟ್ಟು ಬಂದರೆ ಸೂಕಾ ಚೆನ್ನಾಗಿ ಕಾಣ್ತಾಳೆ,” ಎಂದು ಯಾರಿಗೋ ಹೇಳಿ ಹೋದ.

ಅವಳು ಮುದ್ರೆ ಕೈಯಲ್ಲಿ ಹಿಡಿದು ಕೂತೇ ಇದ್ದಳು. ಮೂವತ್ತು ವರ್ಷ. ತನಗೂ ಒಂದು ಮೂಲವಿದೆ. ಅದು ಎಲ್ಲಿದೆ ಎಂದೂ ಗೊತ್ತಿದೆ. ಬೆಳಗಿನಿಂದ ಯಾಕೆ ಹೊಳೆಯಲಿಲ್ಲ?

ಅದು ದೇವರ ತಲೆಯ ಮೇಲಿದೆ.

ಅವಳಿಗೆ ಹದಿನೈದು ತುಂಬಿದ ವರ್ಷ ಅಪ್ಪ ಕಟ್ಟಡದ ಸಾರುವೆಯಿಂದ ಬಿದ್ದು ಹನ್ನೆರಡು ದಿನ ಕಣ್ಣು ಬಿಡಲಿಲ್ಲ. ಅಮ್ಮ ಚರ್ಚಿಗೆ ಹೋಗಿ, ಶಿಲುಬೆ ಹೊತ್ತ ಸ್ವಾಮಿಗೆ ಮಗಳ ಮುಡಿ ಕೊಡುತ್ತೇನೆ ಎಂದು ಹರಕೆ ಹೊತ್ತಳು. ಹದಿಮೂರನೆಯ ದಿನ ಅಪ್ಪ ನೀರು ಕೇಳಿದ. ಮಗಳನ್ನು ಯಾರೂ ಏನೂ ಕೇಳಲಿಲ್ಲ. ಸೊಂಟ ದಾಟಿದ್ದ ಜಡೆ ಕತ್ತರಿಸಿ, ಬಲೆಟೋಪಿಗೆ ಎಳೆ ಎಳೆಯಾಗಿ ಹೆಣೆದು, ಮರದ ಸ್ವಾಮಿಯ ತಲೆಗೆ ಇಟ್ಟರು. ಆಮೇಲೆ ಪ್ರತಿ ಶುಭ ಶುಕ್ರವಾರ ಅವಳ ಕೂದಲು ಮುಳ್ಳಿನ ಕಿರೀಟ ತೊಟ್ಟು, ನಲವತ್ತು ಜನರ ಹೆಗಲ ಮೇಲೆ, ಅವಳ ಮುಂದೆಯೇ ಬೀದಿಯಲ್ಲಿ ಹೋಗುತ್ತಿತ್ತು. ಕೆಲಸ ಸಿಕ್ಕ ವರ್ಷದಿಂದ ಮೆರವಣಿಗೆ ನೋಡುವುದನ್ನು ಬಿಟ್ಟಿದ್ದಳು. ತಲೆನೋವು ಎನ್ನುತ್ತಿದ್ದಳು.

ಮಧ್ಯಾಹ್ನದ ನಂತರ ಹೇಗೂ ರಜೆ ಕೇಳಿದ್ದಳು. ಚರ್ಚಿಗೆ ಹೋಗಿಬರುತ್ತೇನೆಂದು ಪಕ್ಕದ ಮೇಜಿನವಳಿಗೆ ಹೇಳಿ, ದಾರಿಯಲ್ಲಿ ಜೋಳದ ಎಲೆಯಲ್ಲಿ ಬೇಯಿಸಿದ ಕಡುಬೊಂದನ್ನು ಕೊಂಡು ನಿಂತೇ ತಿಂದಳು. ಮೆಟ್ಟಿಲು ಹತ್ತುತ್ತಾ ಕೂದಲು ಸರಿಮಾಡಿಕೊಂಡಳು. ಹಳೆಯ ಸ್ನೇಹಿತೆಯನ್ನು ನೋಡಲು ಹೋಗುವ ಹಾಗೆ. ಅವಳು ಗುರುತು ಹಿಡಿಯದಿದ್ದರೆ?

ಶುಭ ಶುಕ್ರವಾರಕ್ಕೆ ಮುಂಚಿನ ತಪಸ್ಸುಕಾಲವಾದ್ದರಿಂದ ಮೂರ್ತಿಗಳಿಗೆಲ್ಲ ನೇರಳೆ ಬಟ್ಟೆ ಹೊದಿಸಿದ್ದರು. ಯಾರೂ ಕಾಣಲಿಲ್ಲ. ಸ್ವಾಮಿಯ ಬಟ್ಟೆಯ ಅಂಚನ್ನು ಎತ್ತಿದಳು. ಒಳಗೆ ಬೋಳುತಲೆ. ನುಣುಪಾದ ಮರ, ನೆತ್ತಿಯಲ್ಲಿ ಒಂದು ಮೊಳೆಯ ತೂತು. ಕೂದಲಿಲ್ಲದ ಆ ಮುಖ ಯಾರ ಮುಖವೂ ಆಗಬಹುದಿತ್ತು. ನೋಟರಿ ಎಗಾಸರದ್ದು ಕೂಡ.

“ಕೂದಲು ದೋನ್ಯಾ ತಾರ್ಹೇಲಿಯಾ ಮನೇಲಿದೆ,” ಗುಡಿಸುತ್ತಿದ್ದ ಹೆಂಗಸು ಕಂಬದ ಹಿಂದಿನಿಂದ ಹೇಳಿದಳು. “ಈ ವಾರ ತೊಳೆಯೋ ವಾರ.”

ತಾರ್ಹೇಲಿಯಾ ಸ್ವಾಮಿಗೆ ಉಡಿಸಿ ತೊಡಿಸುವವಳು. ಅವಳ ತಾಯಿಯೂ ಅದನ್ನೇ ಮಾಡುತ್ತಿದ್ದಳು. ಎಂಬತ್ತು ದಾಟಿತ್ತು. ಎರಡೂ ಕಣ್ಣಿಗೆ ಪೊರೆ ಬಂದು, ಬೆಳಕು ಕತ್ತಲೆ ಬಿಟ್ಟು ಇನ್ನೇನೂ ಕಾಣುತ್ತಿರಲಿಲ್ಲ. ಚರ್ಚಿನ ಹಿಂದಿನ ಓಣಿಯಲ್ಲಿ ಅವಳ ಮನೆ. ಬಾಗಿಲು ತೆರೆದೇ ಇತ್ತು.

“ಬಾ ಇಪಾಟಿಯಾ,” ಎಂದಳು ಅಂಗಳದಿಂದ. “ನಿಮ್ಮಮ್ಮನ ನಡಿಗೆ. ಹಿಮ್ಮಡಿ ಎಳೀತೀಯ.”

ಇಪಾಟಿಯಾ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತಳು. “ದೇವರ ಕೂದಲು ನೋಡಬೇಕಿತ್ತು ದೋನ್ಯಾ.”

“ಶುಕ್ರವಾರ ಊರೇ ನೋಡುತ್ತೆ.”

“ಹತ್ತಿರದಿಂದ.”

“ಹರಕೆ ವಾಪಸ್ ಕೇಳಕ್ಕೆ ಬಂದಿಲ್ಲ ತಾನೇ? ಬೇಕರಿಯವಳು ತಾನು ಕೊಟ್ಟಿದ್ದ ಓಲೆ ವಾಪಸ್ ಕೇಳಿದಳು. ದೇವರ ಕಿವಿಯಿಂದ ಬಿಚ್ಚಿಕೊಟ್ಟೆ.”

“ಬಣ್ಣ ನೋಡಬೇಕು. ಅಷ್ಟೇ.”

ಮುದುಕಿ ಗಲ್ಲದಿಂದ ತೋರಿಸಿದಳು. ಅಂಗಳದ ಮೂಲೆಯ ಕಟ್ಟೆಯ ಮೇಲೆ ಮಡಕೆಯೊಂದನ್ನು ಬೋರಲು ಹಾಕಿ, ಅದರ ಮೇಲೆ ಕೂದಲು ಇಟ್ಟಿತ್ತು.

ಹಳದಿ.

ಇಪಾಟಿಯಾ ಹತ್ತಿರ ಹೋದಳು. ಕೈಯಲ್ಲಿ ಹಿಡಿದಳು. ಬುಡದ ಕಡೆ ಎಂಥದೋ ಕೆಂಚು, ಕೆಳಗೆ ಇಳಿದಂತೆಲ್ಲ ಒಣಹುಲ್ಲು. ತನ್ನ ಹೆಗಲ ಮೇಲಿನದಕ್ಕೂ ಇದಕ್ಕೂ ಏನೇನೂ ವ್ಯತ್ಯಾಸವಿರಲಿಲ್ಲ. ಮುದ್ರೆ ಒತ್ತಬಹುದಿತ್ತು.

“ಇದು ನನ್ನದೇನಾ?”

“ಮತ್ತಿನ್ಯಾರದು? ಈ ಕೈಯಲ್ಲೇ ಕತ್ತರಿಸಿದ್ದು. ನೀನು ಅಳಲಿಲ್ಲ. ನಿಮ್ಮಮ್ಮ ಅತ್ತಳು.”

“ಹಳದಿಯಾಗಿದೆಯಲ್ಲ ದೋನ್ಯಾ.”

“ಆಗದೇ ಇನ್ನೇನು? ಹೊಟ್ಟೆನೋವಿಗೆ ಕುಡೀತೀವಲ್ಲ, ಮನ್ಸನಿಯ್ಯಾ ಹೂವು, ಅದರ ಕಷಾಯದಲ್ಲಿ ವರ್ಷಾವರ್ಷ ತೊಳೀತಿದ್ದೆ. ದೇವರ ತಲೆ ಘಮ್ ಅನ್ನಲಿ ಅಂತ. ತೊಳೆದು ಈ ಬಿಸಿಲಲ್ಲಿ ಇಡೋದು. ಅದು ಕೂದಲಿನ ಬಣ್ಣ ತಿನ್ನುತ್ತೆ ಅಂತ ನನಗೇನು ಗೊತ್ತು? ಒಂದು ವರ್ಷ ಪಾದ್ರಿಗಳು ಬಂದು, ಏನಮ್ಮ, ನಮ್ಮ ಸ್ವಾಮಿ ಪ್ರವಾಸಕ್ಕೆ ಬಂದ ಬಿಳಿಯನ ಹಾಗೆ ಕಾಣ್ತಾನಲ್ಲ ಅಂದರು. ಅವತ್ತಿನಿಂದ ಡೈ ಹಾಕ್ತೀನಿ. ಮುಂದಿನ ವರ್ಷದ ಹೊತ್ತಿಗೆ ಅದು ಬಿಟ್ಟು ಮತ್ತೆ ಹಳದಿ.”

“ಯಾವ ಬಣ್ಣ?”

“ಅಂಗಡೀಲಿ ಏನು ಸಿಕ್ಕುತ್ತೋ ಅದು. ಹೋದ ವರ್ಷ ಕೋಕೋ. ಅದರ ಹಿಂದಿನ ವರ್ಷ ಯಾವುದೋ ಅಗ್ಗದ್ದು ಹಾಕಿ ನೇರಳೆ ಬಂತಂತೆ. ತಪಸ್ಸುಕಾಲ ತಾನೇ, ಭಕ್ತಿಗೆ ಮಾಡಿದ್ದು ಅಂದ್ಕೊಂಡರು ಜನ.”

ಇಪಾಟಿಯಾ ಕಟ್ಟೆಯ ಮೇಲೆ ಕೂತಳು. ದೇವರೂ ಡಬ್ಬಿಯಿಂದ ಹಚ್ಚಿಕೊಳ್ಳುತ್ತಾನೆ. ಅವನಿಗೂ ಯಾರೋ ‘ಒಳ್ಳೆಯ ತೋರಿಕೆ’ ಕೇಳಿದ್ದಾರೆ.

“ಮೊದಲು ಯಾವ ಬಣ್ಣ ಇತ್ತು ದೋನ್ಯಾ? ಕತ್ತರಿಸಿದ ದಿನ?”

“ನಿನಗೆ ನೆನಪಿಲ್ವಾ?”

“ಇಲ್ಲ.”

“ತಲೆ ನಿನ್ನದು. ನಿನಗೇ ನೆನಪಿಲ್ಲ. ಬಂದು ಈ ಕುರುಡೀನ ಕೇಳ್ತೀಯ.”

ಮುದುಕಿ ನಗಲಿಲ್ಲ. ಎದ್ದು ಬಂದು ಮಡಕೆಯ ಮೇಲಿನ ಕೂದಲನ್ನು ತಡವಿದಳು. ಆಮೇಲೆ ಕೇಳದೇ ಬಿಡದೇ ಇಪಾಟಿಯಾಳ ತಲೆಗೆ ಕೈ ಹಾಕಿ, ಬೆರಳುಗಳನ್ನು ಬುಡಕ್ಕೆ ಇಳಿಸಿ ಒಂದು ಹಿಡಿ ಹಿಡಿದಳು.

“ದಪ್ಪ ಇತ್ತು. ಅದು ಗೊತ್ತು. ಕುದುರೆ ಬಾಲದ ಹಾಗೆ. ಕತ್ತರಿ ಎರಡು ಸಲ ಜಾರಿತ್ತು.” ಹಿಡಿಯನ್ನು ಸ್ವಲ್ಪ ಎಳೆದಳು. “ತುದಿ ಹಾಳು ಮಾಡ್ಕೊಂಡಿದೀಯ. ಬುಡ ಹಾಗೇ ಇದೆ. ಇವತ್ತೂ ಕತ್ತರಿ ಜಾರುತ್ತೆ.”

ನೋವಾಯಿತು. ಇಪಾಟಿಯಾ ತಲೆ ಎಳೆದುಕೊಳ್ಳಲಿಲ್ಲ.

“ನನ್ನನ್ನ ಸೂಕಾ ಅಂತ ಕರೀತಾರೆ, ಗೊತ್ತಾ?”

“ಸೊಸೆ ಹೇಳಿದಳು. ನನಗೆಲ್ಲಿ ಕಾಣಬೇಕು?” ಮುದುಕಿ ಕೈ ಬಿಟ್ಟಳು. “ಅವತ್ತು ನಿನ್ನನ್ನ ಕೇಳಬೇಕಿತ್ತು ಕಣೇ. ಕೇಳಲಿಲ್ಲ. ನಾವೆಲ್ಲ ಹಾಗೇ. ನಿಮ್ಮಪ್ಪ ಬದುಕಿದನಲ್ಲ.”

“ಬದುಕಿದ. ಆರು ವರ್ಷ.”

“ಆರು ವರ್ಷ ಅಂದರೆ ಆರು ವರ್ಷ.”

ಬೆಟ್ಟದ ಕಡೆಯಿಂದ ಮೋಡ ಬರುತ್ತಿತ್ತು. ಬಿಸಿಲು ಅಂಗಳದ ಒಂದು ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಮುದುಕಿ ಒಳಗೆ ಹೋಗಿ ಎರಡು ಡಬ್ಬಿ ತಂದು ಇಪಾಟಿಯಾಳ ಮಡಿಲಿಗೆ ಹಾಕಿದಳು.

“ಸೊಸೆ ಎರಡು ತಂದಿದಾಳೆ. ಯಾವುದು ಹಾಕಲಿ ಹೇಳು. ಈ ಸಲ ಕೇಳ್ತಾ ಇದೀನಿ ನೋಡು. ಒಡತಿ ನೀನು.”

ಒಂದರ ಮೇಲೆ ತಂಬಾಕು ಎಂದಿತ್ತು, ಇನ್ನೊಂದರ ಮೇಲೆ ಕಾಫಿ. ಎರಡು ಡಬ್ಬಿಯ ಮೇಲೂ ಒಬ್ಬಳೇ ಹೆಂಗಸು ನಗುತ್ತಿದ್ದಳು. ಇಪಾಟಿಯಾಳಿಗೆ ತಾನೂ ನಗುತ್ತಿರುವುದು ಗೊತ್ತಾಯಿತು. ಯಾಕೆ ಎಂದು ಗೊತ್ತಾಗಲಿಲ್ಲ. ಇಪ್ಪತ್ತಮೂರು ವರ್ಷದಲ್ಲಿ, ಅಲ್ಲ, ಮೂವತ್ತೆರಡು ವರ್ಷದಲ್ಲಿ, ಈ ಕತ್ತರಿಸಿದ ಕೂದಲಿನ ಬಗ್ಗೆ ಅವಳನ್ನು ಮೊದಲು ಕೇಳಿದವಳು ಕುರುಡಿ.

“ಮೊದಲು ತೊಳೆಯೋಣ,” ಎಂದಳು. “ಒಣಗಲಿ. ಒಣಗಿದ ಮೇಲೆ ಹೇಳ್ತೀನಿ.”

ಬಟ್ಟೆ ಒಗೆಯುವ ಕಲ್ಲಿನ ತೊಟ್ಟಿಯಲ್ಲಿ ನೀರಿತ್ತು. ಕಷಾಯ ಬೇಡ ಎಂದಳು. ಮುದುಕಿ ಗೊಣಗುತ್ತಾ ಬರೀ ಸೋಪು ಕೊಟ್ಟಳು. ಇಪಾಟಿಯಾ ತೋಳು ಮಡಿಸಿ, ಬಲೆಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಳುಗಿಸಿದಳು. ಹಸುಗೂಸಿನ ತಲೆಯಷ್ಟೂ ತೂಕವಿರಲಿಲ್ಲ. ಮೇಣದ ಹೊಗೆ, ಧೂಪ, ಕೋಕೋ ಎಲ್ಲ ಬಿಟ್ಟು ನೀರು ಕದಡಿತು. ಎತ್ತಿದಾಗ ಹಳದಿ ಮಾಯವಾಗಿತ್ತು. ಒದ್ದೆ ಕೂದಲು ಕಪ್ಪಗೆ, ಭಾರವಾಗಿ ಮಣಿಕಟ್ಟಿಗೆ ಅಂಟಿಕೊಂಡಿತು. ಮತ್ತೆ ಮಡಕೆಯ ಮೇಲಿಟ್ಟು ಬಿಸಿಲಿನ ಪಟ್ಟಿಗೆ ಸರಿಸಿದಳು.

ಸ್ಪ್ರೇ ತೊಳಕೊಂಡು ಬಾ ಎಂದು ಯೊಮೈರಾ ಹೇಳಿದ್ದು ಆಗ ನೆನಪಾಯಿತು. ಪಿನ್ನುಗಳನ್ನು ಒಂದೊಂದಾಗಿ ತೆಗೆದು ಕಟ್ಟೆಯ ಮೇಲಿಟ್ಟಳು. ಬಗ್ಗಿ ತಲೆಯನ್ನು ನಲ್ಲಿಯ ಕೆಳಗೆ ಒಡ್ಡಿದಳು. ಬೆಟ್ಟದ ನೀರು, ನೆತ್ತಿ ಮರಗಟ್ಟಿತು. ಕಣ್ಣು ತೆರೆದಾಗ ಮುಖದ ಎರಡೂ ಕಡೆ ಇಳಿಬಿದ್ದ ಎಳೆಗಳೂ ಒದ್ದೆಗೆ ಕಪ್ಪಾಗಿ, ಹಳದಿ ಕಾಣದಂತಾಗಿದ್ದವು. ಹನ್ನೊಂದರಲ್ಲಿ ಯಾವುದೂ ಆಗಬಹುದಿತ್ತು.

ಬಂದು ಮಡಕೆಯ ಪಕ್ಕ, ಓಣಿ ಬದಿಯ ಗೋಡೆಗೆ ಬೆನ್ನು ಮಾಡಿ ಕೂತಳು. ಸೆರಗಂಚಿನಷ್ಟು ಬಿಸಿಲು. ಅದರಲ್ಲೇ ಅವಳಿಗೂ ದೇವರ ಕೂದಲಿಗೂ ಜಾಗವಾಯಿತು.

ಚರ್ಚಿನ ಗಂಟೆ ನಾಲ್ಕು ಹೊಡೆಯಿತು. ಯೊಮೈರಾ ಬೈಯುತ್ತಿರಬಹುದು. ಒಣಗಲಿ. ಕಾದರೆ ಕಾಯಲಿ.

ಹಿಂದೆ ಓಣಿಯಲ್ಲಿ ಏದುಸಿರು ಕೇಳಿತು. ಗಿಡ್ಡ ಗೋಡೆಯ ಮೇಲಕ್ಕೆ ಮೊದಲು ಒಂದು ಟೋಪಿ, ಆಮೇಲೆ ಹಳೆಯ ಕಾಗದದ ಸುರುಳಿ ಹಿಡಿದ ಕೈ ಎದ್ದಿತು.

“ದೋನ್ಯಾ, ನೋಟರಿಯ ಸೂಕಾ ಚರ್ಚಿಗೆ ಹೋದಳು ಅಂದರು. ಅಲ್ಲಿ ಕೇಳಿದರೆ ನಿಮ್ಮನೆ ಅಂದರು,” ಎಂದ ಅಬ್ದೋನ್. “ಮೂಲಪತ್ರ ತಂದಿದೀನಿ. ಮೊಣಕಾಲೂರಿ ಕೇಳ್ದೆ. ಕೊಟ್ಟೇಬಿಟ್ಟಳು ಮಾರಾಯ್ತಿ. ಕಾಫೀನೂ ಕೊಟ್ಟಳು.”

“ಸೂಕಾನಾ? ನನಗೆ ಕಾಣಲ್ಲಪ್ಪ,” ಎಂದಳು ತಾರ್ಹೇಲಿಯಾ. “ಕಣ್ಣಿರೋನು ನೀನೇ ನೋಡ್ಕೋ.”

ಅಬ್ದೋನ್ ಗೋಡೆಯ ಮೇಲೆ ಗಲ್ಲ ಊರಿ ನೋಡಿದ. ಅವನಿಗೆ ಬೆನ್ನು ಮಾಡಿ, ಅಕ್ಕಪಕ್ಕದಲ್ಲಿ, ಎರಡು ಕಪ್ಪು ಒದ್ದೆ ತಲೆಗಳು ಒಣಗುತ್ತಿದ್ದವು. ಎರಡರಿಂದಲೂ ನೀರು ತೊಟ್ಟಿಕ್ಕುತ್ತಿತ್ತು. ಒಂದರೊಳಗೆ ಗಾಳಿ ಬಿಟ್ಟರೆ ಏನೂ ಇರಲಿಲ್ಲ.

“ಸೂಕಾ?” ಎಂದು ಕೂಗಿದ.

ಮತ್ತೆ ಕೂಗಿದ. ಮೂರನೆಯ ಸಲವೂ ಕೂಗಿದ.

ಎರಡರಲ್ಲಿ ಒಂದು ತಲೆಯೂ ತಿರುಗಲಿಲ್ಲ.